ಹಲ್ಲು ಕಡಿಯುವವರ ಮನೆಗೆ ಒಂದು ಮಾತು



ಸಂತ ಮತ್ತಾಯನ ಶುಭಸಂದೇಶವನ್ನು ಓದುವ ವರ್ಷದಲ್ಲಿ ಒಂದು ಮಾತು ದೇವಾಲಯದಲ್ಲಿ ಮತ್ತೆ ಮತ್ತೆ ನಮ್ಮ ಕಿವಿಗೆ ಬೀಳುತ್ತದೆ. ಹೊರಗಿನ ಕತ್ತಲು, ಅಲ್ಲಿ ಗೋಳಾಟ ಮತ್ತು ಹಲ್ಲು ಕಡಿತ. ಈ ಗೋಳಾಟ ಮತ್ತು ಹಲ್ಲು ಕಡಿತದ ಮಾತನ್ನು ಮತ್ತಾಯನು 6 ಸಲ ಬರೆದಿದ್ದಾನೆ, ಲೂಕನು ಒಂದು ಸಲ. ವಾಚನ ಮುಗಿಯುತ್ತದೆ, ನಾವು ಕುಳಿತುಕೊಳ್ಳುತ್ತೇವೆ, ಮಾತು ಮರೆತು ಹೋಗುತ್ತದೆ. ಆದರೆ ಎಲ್ಲರಿಗೂ ಮರೆತು ಹೋಗುವುದಿಲ್ಲ. ಗಂಡನೋ ಮಗನೋ ಅತ್ತೆಯೋ ನಿದ್ದೆಯಲ್ಲಿ ಕಟಕಟನೆ ಹಲ್ಲು ಕಡಿಯುವ ಮನೆಯಿಂದ ಬಂದ ತಾಯಿಗೆ ಅದು ಎದೆಗೆ ನಾಟುತ್ತದೆ. ರಾತ್ರಿ ಎರಡು ಗಂಟೆಗೆ ಪಕ್ಕದಲ್ಲಿ ಕಲ್ಲಿಗೆ ಕಲ್ಲು ತಿಕ್ಕಿದಂತೆ ಸದ್ದು ಕೇಳಿ ಎದ್ದು ಕೂತವಳಿಗೆ, ಇದು ಯಾವುದರ ಗುರುತು ಎಂಬ ಭಯ ಹುಟ್ಟುವುದು ಸಹಜವೇ.

ಈ ಭಯದ ಮೇಲೆ ಊರಿನವರು ಇನ್ನಷ್ಟು ಹೇರುತ್ತಾರೆ. ನಿದ್ದೆಯಲ್ಲಿ ಹಲ್ಲು ಕಡಿದರೆ ಮನೆಗೆ ದರಿದ್ರ ಎನ್ನುವವರಿದ್ದಾರೆ. ಮಗು ಕಡಿದರೆ ಹೊಟ್ಟೆಯಲ್ಲಿ ಹುಳ, ದೊಡ್ಡವರು ಕಡಿದರೆ ಗಾಳಿ ಸೋಕಿದೆ ಎನ್ನುವವರಿದ್ದಾರೆ. ತಾಯಿತ ಕಟ್ಟಿಸುವವರು ಬೇರೆಯವರು ಮಾತ್ರ ಎಂದು ನಾವು ಹೇಳಿಕೊಳ್ಳುವಂತಿಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ 16ನೇ ಶತಮಾನದಿಂದಲೇ ಕಥೋಲಿಕ ಕುಟುಂಬಗಳಿವೆ. ಅಷ್ಟು ಹಳೆಯ ವಿಶ್ವಾಸವಿರುವ ಈ ಸೀಮೆಯಲ್ಲೂ ಕತ್ತಲಾದ ಮೇಲೆ ನಮ್ಮ ಧೈರ್ಯ ಅಷ್ಟಕ್ಕಷ್ಟೇ. ಆದ್ದರಿಂದ ಇಂದು ಈ ಒಂದು ವಿಷಯವನ್ನು ಶುಭಸಂದೇಶದ ಬೆಳಕಿನಲ್ಲಿಯೂ ವೈದ್ಯರು ತಿಳಿದಿರುವುದರ ಬೆಳಕಿನಲ್ಲಿಯೂ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಬೈಬಲಿನ ಮಾತು. ಹಲ್ಲು ಕಡಿಯುವುದೆಂದರೆ ಬೆಂಕಿಯಲ್ಲಿ ಬೆಂದು ನೋವಿಗೆ ಹಲ್ಲು ಕಡಿಯುವುದು ಎಂದು ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದಾರೆ. ಆದರೆ ಪವಿತ್ರ ಗ್ರಂಥದಲ್ಲಿ ಹಲ್ಲು ಕಡಿಯುವವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ನೋಡಿ. ಯೋಬನು ತನ್ನ ವೈರಿ ತನ್ನ ಮೇಲೆ ಹಲ್ಲು ಕಡಿಯುತ್ತಾನೆ ಎಂದು ಅಳುತ್ತಾನೆ. 35ನೆಯ ಮತ್ತು 37ನೆಯ ಕೀರ್ತನೆಗಳಲ್ಲಿ ಸಜ್ಜನನನ್ನು ಕಂಡು ಹಲ್ಲು ಕಡಿಯುವವನು ದುರ್ಜನ. 112ನೆಯ ಕೀರ್ತನೆಯಲ್ಲಿ ನೀತಿವಂತನ ಏಳಿಗೆಯನ್ನು ಕಂಡು ಹೊಟ್ಟೆಕಿಚ್ಚಿನಿಂದ ಹಲ್ಲು ಕಡಿದು ಸೊರಗಿ ಹೋಗುತ್ತಾನೆ. ಪ್ರೇಷಿತರ ಕಾರ್ಯಕಲಾಪಗಳ 7ನೆಯ ಅಧ್ಯಾಯದಲ್ಲಿ ಸಂತ ಸ್ತೇಫನನ ಮಾತು ಕೇಳಲಾರದೆ ಹಲ್ಲು ಕಡಿದವರು ನ್ಯಾಯಸಭೆಯಲ್ಲಿ ಕುಳಿತಿದ್ದ ಗೌರವಸ್ಥರು. ಇವರಲ್ಲಿ ಯಾರೂ ನೋವಿನಿಂದ ಕಡಿದವರಲ್ಲ. ಎಲ್ಲರೂ ಸಿಟ್ಟಿನಿಂದ, ಮತ್ಸರದಿಂದ, ಎಚ್ಚರದಲ್ಲಿದ್ದು ಕಡಿದವರು. ಕನ್ನಡದಲ್ಲಿ ನಾವು ಅವನ ಮೇಲೆ ಇವನು ಹಲ್ಲು ಮಸೆಯುತ್ತಾನೆ ಎನ್ನುತ್ತೇವಲ್ಲ, ಅದೇ ಇದು. ಹೊರಗಿನ ಕತ್ತಲಿನಲ್ಲಿರುವವನೂ ಅಂಥವನೇ. ಒಳಗೆ ಔತಣ ನಡೆಯುತ್ತಿದೆ, ತಾನು ತುಚ್ಛವೆಂದು ತಿಳಿದವರು ಪಂಕ್ತಿಯಲ್ಲಿದ್ದಾರೆ, ಅದನ್ನು ಅವನಿಗೆ ಸಹಿಸಲಾಗದು.

ಈಗ ನಿಮ್ಮ ಮನೆಯಲ್ಲಿ ಮಲಗಿರುವವನನ್ನು ನೋಡಿ. ಅವನು ಯಾರ ಮೇಲೂ ಹಲ್ಲು ಮಸೆಯುತ್ತಿಲ್ಲ, ನಿದ್ದೆ ಮಾಡುತ್ತಿದ್ದಾನೆ. ಪಾಪಕ್ಕೆ ಅರಿವು ಬೇಕು, ಮನಸ್ಸಿನ ಒಪ್ಪಿಗೆ ಬೇಕು ಎಂದು ಚಿಕ್ಕಂದಿನ ಧರ್ಮೋಪದೇಶದಲ್ಲಿಯೇ ಕಲಿತಿದ್ದೇವೆ. ನಿದ್ದೆಯಲ್ಲಿ ಎರಡೂ ಇಲ್ಲ. ಆದ್ದರಿಂದ ಇದು ಪಾಪವಲ್ಲ, ಪಾಪನಿವೇದನೆಯಲ್ಲಿ ಹೇಳಬೇಕಾದದ್ದೂ ಅಲ್ಲ, ಬರಲಿರುವ ನರಕದ ಗುರುತಂತೂ ಅಲ್ಲವೇ ಅಲ್ಲ. ಇಷ್ಟು ತಿಳಿದರೆ ಎಷ್ಟೋ ಮನೆಗಳಲ್ಲಿ ಅರ್ಧ ಭಾರ ಇಳಿಯುತ್ತದೆ.

ಹಾಗಾದರೆ ಇದು ಏನು? ವೈದ್ಯರು ಇದನ್ನು ಬ್ರಕ್ಸಿಸಮ್ ಎನ್ನುತ್ತಾರೆ. ಎರಡು ಬಗೆಯಿದೆ. ಒಂದು ನಿದ್ದೆಯಲ್ಲಿ ಹಲ್ಲಿಗೆ ಹಲ್ಲು ತಿಕ್ಕುವುದು. ಇನ್ನೊಂದು ಹಗಲಿನಲ್ಲಿ, ಎಚ್ಚರದಲ್ಲಿದ್ದರೂ ಗೊತ್ತಾಗದಂತೆ ದವಡೆ ಬಿಗಿಹಿಡಿಯುವುದು. ಇದರಲ್ಲಿ ಸದ್ದಿಲ್ಲ, ಅದಕ್ಕೇ ಯಾರೂ ಹೇಳುವವರಿಲ್ಲ. ದೊಡ್ಡವರಲ್ಲಿ ನೂರಕ್ಕೆ ಸುಮಾರು 8ರಿಂದ 13 ಮಂದಿ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆಂದು ಅಂದಾಜು. ಮಕ್ಕಳಲ್ಲಿ ಇನ್ನೂ ಹೆಚ್ಚು. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಸರಿಯಾಗಿ ಕೂಡದೆ ಹೀಗಾಗುತ್ತದೆ ಎಂದು ಹಿಂದೆ ನಂಬಿದ್ದರು. ಈಗ ಹಾಗೆ ಹೇಳುವುದಿಲ್ಲ. ಇದರ ಮೂಲ ಹಲ್ಲಿನಲ್ಲಿಲ್ಲ, ಮಿದುಳಿನಲ್ಲಿದೆ. ಗಾಢ ನಿದ್ದೆಯಲ್ಲಲ್ಲ, ಹಗುರ ನಿದ್ದೆಯಲ್ಲಿ, ಮಿದುಳು ಕ್ಷಣಮಾತ್ರ ಅರೆ ಎಚ್ಚರಗೊಂಡಾಗ ಅಗಿಯುವ ಸ್ನಾಯುಗಳು ತಾವಾಗಿಯೇ ಲಯಬದ್ಧವಾಗಿ ಬಿಗಿಯುತ್ತವೆ. ನಿದ್ದೆಯನ್ನು ಹಗುರಗೊಳಿಸುವ ಎಲ್ಲವೂ ಇದನ್ನು ಹೆಚ್ಚಿಸುತ್ತವೆ. ಚಿಂತೆ, ಸೆರೆ, ಬೀಡಿ, ತಂಬಾಕು, ಸಂಜೆಯ ಮೇಲೆ ಕುಡಿದ ಗಟ್ಟಿ ಚಹಾ ಎಲ್ಲವೂ ಆ ಪಟ್ಟಿಯಲ್ಲಿವೆ. ಗೊರಕೆಯ ನಡುವೆ ಉಸಿರು ಕಟ್ಟುವವರಲ್ಲಿಯೂ ಇದು ಹೆಚ್ಚು ಕಾಣುತ್ತದೆ. ಮನೋರೋಗಕ್ಕೆ ಕೊಡುವ ಕೆಲವು ಮಾತ್ರೆಗಳಿಂದಲೂ ಬರುತ್ತದೆ. ಹಾಗೆಂದು ಮಾತ್ರೆಯನ್ನು ತಾವೇ ನಿಲ್ಲಿಸಬಾರದು, ಕೊಟ್ಟ ವೈದ್ಯರಿಗೆ ತಿಳಿಸಬೇಕು. ಕೆಲವು ವಂಶಗಳಲ್ಲಿ ಇದು ತಂದೆಯಿಂದ ಮಕ್ಕಳಿಗೂ ಬರುತ್ತದೆ.

ಚಿಂತೆ ಎಂದೆನಲ್ಲ. ನಮ್ಮ ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿಂಧನೂರಿನ ಭತ್ತದ ರೈತ ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿ ನಾಟಿ ಮಾಡುತ್ತಾನೆ. ಕಾಲುವೆಯ ಕೊನೆ ಭಾಗದವನಾದರೆ ನೀರಿನ ಸರದಿ ರಾತ್ರಿ ಬರುತ್ತದೆ, ಬಾರದೆಯೂ ಇರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೆಯ ಕ್ರೆಸ್ಟ್ ಗೇಟಿನ ಚೈನು ಕಡಿದು ಗೇಟು ಕೊಚ್ಚಿ ಹೋಯಿತಲ್ಲ, ತಾತ್ಕಾಲಿಕ ಗೇಟು ಕೂರಿಸುವವರೆಗಿನ ಆ ಒಂದು ವಾರ ಈ ಮೂರು ತಾಲ್ಲೂಕುಗಳಲ್ಲಿ ಸಡಿಲ ದವಡೆಯಿಂದ ಮಲಗಿದ ರೈತ ಎಷ್ಟು ಮಂದಿ ಇದ್ದಿರಬಹುದು? ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿ ಬದಲಾದಾಗಲೆಲ್ಲ ಕಾರ್ಮಿಕನ ನಿದ್ದೆಯ ಹೊತ್ತೂ ಬದಲಾಗುತ್ತದೆ. ಹಗಲಿನಲ್ಲಿ ಮಲಗಿದವನ ನಿದ್ದೆ ಹಗುರ ನಿದ್ದೆಯೇ. ಮಸ್ಕಿಯ ಸುತ್ತಣ ಊರುಗಳಿಂದ ಕೂಲಿಗಾಗಿ ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳಿವೆ. ತಂದೆ ತಾಯಿ ಅಲ್ಲಿ, ಮಕ್ಕಳು ಇಲ್ಲಿ ಅಜ್ಜಿಯ ಮಗ್ಗುಲಲ್ಲಿ. ಅಜ್ಜಿಗೆ ಕಿವಿ ಮಂದವಾಗಿದ್ದರೆ ಆ ಮಗು ಹಲ್ಲು ಕಡಿಯುವುದು ಯಾರಿಗೂ ಗೊತ್ತಾಗುವುದಿಲ್ಲ.

ಇದರಿಂದ ಆಗುವ ಕೇಡು ಏನು? ಬಹಳ ಜನಕ್ಕೆ ಏನೂ ಆಗುವುದಿಲ್ಲ ಎಂಬುದನ್ನು ಮೊದಲು ಹೇಳಬೇಕು. ಆರೋಗ್ಯವಂತನು ಆಗಾಗ ಹಲ್ಲು ಕಡಿದರೆ ಅದನ್ನು ರೋಗವೆಂದೂ ಈಗ ಕರೆಯುವುದಿಲ್ಲ. ಆದರೆ ವರ್ಷಗಟ್ಟಲೆ ಬಲವಾಗಿ ನಡೆದರೆ ಹಲ್ಲಿನ ಮೇಲಿನ ಗಟ್ಟಿ ಹೊದಿಕೆ, ಅಂದರೆ ಎನಾಮೆಲ್, ಸವೆಯುತ್ತದೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ. ತುಂಬಿಸಿದ ಹಲ್ಲು ಒಡೆಯುತ್ತದೆ. ಬೆಳಿಗ್ಗೆ ಎದ್ದಾಗ ದವಡೆ ಭಾರ, ಕಣತಲೆಯಲ್ಲಿ ನೋವು. ರೊಟ್ಟಿ ಅಗಿಯುವಾಗ ಕಿವಿಯ ಮುಂದಿನ ಕೀಲು ಟಕ್ಕೆನ್ನುತ್ತದೆ. ಎಷ್ಟೋ ಮಂದಿ ಇದನ್ನು ಕಿವಿ ನೋವೆಂದು ತಿಳಿದು ಕಿವಿಗೆ ಎಣ್ಣೆ ಬಿಟ್ಟುಕೊಂಡು ಸುಮ್ಮನಾಗುತ್ತಾರೆ. ನಮ್ಮ ಕಡೆ ಇನ್ನೊಂದು ತೊಂದರೆ ಸೇರುತ್ತದೆ. ಲಿಂಗಸುಗೂರು, ಸಿಂಧನೂರು ಕಡೆಯ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದರಿಂದ ಕಂದುಗಟ್ಟಿ ಗುಳಿಬಿದ್ದ ಹಲ್ಲಿಗೆ ಮೊದಲೇ ಬಲ ಕಡಿಮೆ, ಚಕ್ಕೆ ಏಳುವುದು ಬೇಗ. ಅಂಥ ಹಲ್ಲಿನವನು ರಾತ್ರಿ ಕಡಿಯುತ್ತಿದ್ದರೆ ಹಲ್ಲಿನ ವೈದ್ಯರ ಬಳಿ ಹೋಗಲು ತಡಮಾಡಬಾರದು.

ಮಕ್ಕಳ ವಿಷಯ ಬೇರೆ. ಹಾಲುಹಲ್ಲಿನ ವಯಸ್ಸಿನ ಮಗು ಕಡಿದರೆ ಹೆದರಬೇಡಿ, ಬೆಳೆದಂತೆ ಹೆಚ್ಚಿನ ಮಕ್ಕಳಲ್ಲಿ ತಾನೇ ನಿಲ್ಲುತ್ತದೆ. ಜಂತುಹುಳದ ಔಷಧಿ ಕೊಡುವುದಾದರೆ ಕೊಡಿ, ಶಾಲೆಯಲ್ಲಿಯೂ ಕೊಡುತ್ತಾರೆ, ಅದು ಬೇರೆ ಕಾರಣಕ್ಕೆ ಒಳ್ಳೆಯದೇ. ಆದರೆ ಹಲ್ಲು ಕಡಿತಕ್ಕೆ ಹುಳವೇ ಕಾರಣವೆಂದು ಗಟ್ಟಿಯಾಗಿ ಹೇಳುವಂತಿಲ್ಲ. ಮಗು ಬಾಯಿ ತೆರೆದು ಮಲಗುತ್ತದೆಯೇ, ಗೊರಕೆ ಹೊಡೆಯುತ್ತದೆಯೇ ನೋಡಿ. ಗಂಟಲಿನ ಗಡ್ಡೆ ಊದಿಕೊಂಡು ಉಸಿರಿಗೆ ಅಡ್ಡಿಯಾಗಿದ್ದರೂ ಹೀಗಾಗುತ್ತದೆ. ಶಾಲೆಯಲ್ಲಿ ಯಾರನ್ನಾದರೂ ಕಂಡರೆ ಅಂಜುತ್ತದೆಯೇ ಕೇಳಿ. ಮನೆಯಲ್ಲಿ ರಾತ್ರಿ ಜಗಳವಾಗುತ್ತದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ತಂದೆ ತಿಂದ ಹುಳಿ ದ್ರಾಕ್ಷಿಗೆ ಮಕ್ಕಳ ಹಲ್ಲು ಚುಳ್ಳೆನ್ನುತ್ತದೆ ಎಂಬ ಗಾದೆಯೊಂದು ಇಸ್ರಯೇಲರಲ್ಲಿತ್ತು. ಇನ್ನು ಮೇಲೆ ಅದನ್ನು ಹೇಳಕೂಡದೆಂದು ದೇವರು ಪ್ರವಾದಿ ಯೆಜೆಕಿಯೇಲನ 18ನೆಯ ಅಧ್ಯಾಯದಲ್ಲಿ ಆಜ್ಞೆ ಮಾಡುತ್ತಾರೆ. ತಂದೆಯ ಪಾಪದ ದಂಡ ಮಗನಿಗಿಲ್ಲ. ದಂಡ ಇಲ್ಲ ನಿಜ, ಆದರೆ ನಾವು ಗೋಡೆಯ ಈಚೆ ಕಿರುಚಿದ್ದು ಗೋಡೆಯ ಆಚೆ ಮಲಗಿದ ಮಗುವಿಗೆ ಕೇಳುತ್ತದೆ. ಅದು ದೇವರ ಶಿಕ್ಷೆಯಲ್ಲ, ನಮ್ಮ ಗಂಟಲು.

ಈಗ ಶುಭಸಂದೇಶದಲ್ಲಿ ಹಲ್ಲು ಕಡಿಯುವ ಇನ್ನೊಬ್ಬನ ಕಡೆಗೆ ಬರೋಣ. ಮೇಲೆ ನಾನು ಅವನನ್ನು ಬೇಕೆಂದೇ ಎಣಿಸಲಿಲ್ಲ. ಮಾರ್ಕನ 9ನೆಯ ಅಧ್ಯಾಯದ ಹುಡುಗ ಅವನು. ಅವನೊಬ್ಬನೇ ಸಿಟ್ಟಿಲ್ಲದೆ ಹಲ್ಲು ಕಡಿಯುವವನು. ನೆಲಕ್ಕೆ ಬೀಳುತ್ತಾನೆ, ನೊರೆ ಕಾರುತ್ತಾನೆ, ಹಲ್ಲು ಕಡಿದು ಮರಗಟ್ಟುತ್ತಾನೆ. ಇಂದಿನ ವೈದ್ಯರು ಓದಿದರೆ ಮೂರ್ಛೆರೋಗ ಎನ್ನುತ್ತಾರೆ. ಮತ್ತಾಯನು ಇದೇ ಹುಡುಗನ ಕಥೆ ಹೇಳುವಾಗ ಆ ಕಾಲದಲ್ಲಿ ಮೂರ್ಛೆರೋಗಿಗೆ ಬಳಸುತ್ತಿದ್ದ ಪದವನ್ನೇ ಬಳಸಿದ್ದಾನೆ. ಸುತ್ತ ಜನಜಂಗುಳಿ, ಶಿಷ್ಯರಿಗೂ ಧರ್ಮಶಾಸ್ತ್ರಿಗಳಿಗೂ ವಾಗ್ವಾದ. ಹುಡುಗ ಮಣ್ಣಿನಲ್ಲಿ ಹೊರಳುತ್ತಿದ್ದಾನೆ. ಆಗ ಪ್ರಭು ಯೇಸು ಏನು ಮಾಡಿದರು? ಯಾರ ಪಾಪದಿಂದ ಹೀಗಾಯಿತೆಂದು ವಿಚಾರಿಸಲಿಲ್ಲ. ಜನರಿಗೆ ಪ್ರವಚನ ಮಾಡಲಿಲ್ಲ. ತಂದೆಯ ಕಡೆಗೆ ತಿರುಗಿ, ಇವನಿಗೆ ಎಷ್ಟು ಕಾಲದಿಂದ ಹೀಗಾಗುತ್ತಿದೆ ಎಂದು ಕೇಳಿದರು.

ನೋಡಿ, ಇದು ವೈದ್ಯರು ಕೇಳುವ ಮೊದಲ ಪ್ರಶ್ನೆ. ಸಿಂಧನೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಒಳಗೆ ಹೋದರೆ ನಿಮ್ಮನ್ನು ಕೇಳುವುದೂ ಇದನ್ನೇ. ಸರ್ವವನ್ನೂ ಬಲ್ಲ ಪ್ರಭುವಿಗೆ ಕೇಳಿ ತಿಳಿಯಬೇಕಾದ ಅಗತ್ಯವಿರಲಿಲ್ಲ. ಹೇಳಬೇಕಾದ ಅಗತ್ಯ ಆ ತಂದೆಗೆ ಇತ್ತು. ಬಾಲ್ಯದಿಂದ ಎಂದನು. ಬೆಂಕಿಗೂ ಬೀಳುತ್ತಾನೆ, ನೀರಿಗೂ ಬೀಳುತ್ತಾನೆ ಎಂದನು. ಎಷ್ಟು ವರ್ಷ ಬಾಯಿಬಿಡದೆ ಇಟ್ಟುಕೊಂಡಿದ್ದನೋ, ಆ ಒಂದು ಪ್ರಶ್ನೆಗೆ ಎಲ್ಲವೂ ಹೊರಬಂತು. ಕೊನೆಗೆ ತನ್ನ ಅರ್ಧ ವಿಶ್ವಾಸ, ಅರ್ಧ ಅವಿಶ್ವಾಸವನ್ನೂ ಹೇಳಿಬಿಟ್ಟನು. ಅದಾದ ಮೇಲೆಯೇ ಪ್ರಭು ಹುಡುಗನ ಕೈಹಿಡಿದು ಎಬ್ಬಿಸಿದ್ದು.

ಅಲ್ಲಿ ದೆವ್ವದ ಮಾತಿದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆದರೆ ನಮ್ಮ ಧರ್ಮಸಭೆ ಈ ವಿಷಯದಲ್ಲಿ ಆತುರಪಡುವುದಿಲ್ಲ. 1992ರಲ್ಲಿ ಪ್ರಕಟವಾದ ಧರ್ಮೋಪದೇಶ ಗ್ರಂಥದ 1673ನೆಯ ಕಲಮು, ದೆವ್ವ ಬಿಡಿಸುವ ವಿಧಿಗೆ ಕೈಹಾಕುವ ಮುನ್ನ ಅದು ಕಾಯಿಲೆಯಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಕಾಯಿಲೆ ವೈದ್ಯಶಾಸ್ತ್ರಕ್ಕೆ ಸೇರಿದ್ದು ಎಂದು ತಿಳಿಸುತ್ತದೆ. ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನೂ ಓದಿ. ರೋಗಿಯು ಪ್ರಾರ್ಥಿಸಬೇಕು, ನಂತರ ವೈದ್ಯನಿಗೆ ಜಾಗ ಬಿಡಬೇಕು, ಅವನನ್ನೂ ದೇವರೇ ಸೃಷ್ಟಿಸಿದ್ದು ಎಂಬ ಉಪದೇಶ ಅಲ್ಲಿದೆ. ಪವಿತ್ರ ಜಲ ಚಿಮುಕಿಸಿಕೊಂಡು ಮಲಗಿ, ಬೇಡ ಎನ್ನುವವರು ಯಾರು? ಬೆಳಿಗ್ಗೆ ಎದ್ದು ಬಸ್ಸು ಹತ್ತಿ.

ಮೂರ್ಛೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಯಾರಾದರೂ ಮೂರ್ಛೆ ಬಂದು ಬಿದ್ದು ಹಲ್ಲು ಕಚ್ಚಿಕೊಂಡರೆ ಚಮಚ ತುರುಕಿ ಬಾಯಿ ಬಿಡಿಸಲು ಹೋಗಬೇಡಿ. ಹಲ್ಲು ಮುರಿಯುತ್ತದೆ, ಮುರಿದ ಚೂರು ಗಂಟಲಿಗೆ ಇಳಿಯುತ್ತದೆ. ಕೈಗೆ ಬೀಗದ ಕೈ ಕೊಡುವುದರಿಂದ, ಚಪ್ಪಲಿ ಮೂಸಿಸುವುದರಿಂದ ಏನೂ ಆಗದು. ಸುತ್ತಲಿನ ಗಟ್ಟಿ ವಸ್ತು ಸರಿಸಿ, ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಆಸ್ಪತ್ರೆಗೆ. ಇನ್ನೊಂದು ಬಗೆಯ ದವಡೆ ಬಿಗಿತವಿದೆ, ಅದು ಪ್ರಾಣಕ್ಕೇ ಬರುವಂಥದು. ಕುಡಗೋಲು ತಗುಲಿ ಅಥವಾ ಮೊಳೆ ಚುಚ್ಚಿ ಗಾಯವಾದ ಕೆಲವು ದಿನಗಳ ಮೇಲೆ ಬಾಯಿ ತೆರೆಯಲು ಬಾರದಂತೆ ದವಡೆ ಕಟ್ಟಿಕೊಂಡರೆ ಧನುರ್ವಾಯು ಇರಬಹುದು. ಅಂಥವರನ್ನು ಒಂದು ಗಳಿಗೆಯೂ ಮನೆಯಲ್ಲಿ ಇಟ್ಟುಕೊಳ್ಳಬಾರದು. ಗುಟ್ಕಾ, ಅಡಿಕೆ ಜಗಿಯುವವರ ಬಾಯಿ ತಿಂಗಳು ತಿಂಗಳಿಗೆ ಕಿರಿದಾಗುತ್ತಾ ಬಂದರೆ ಅದೂ ಹಲ್ಲು ಕಡಿತವಲ್ಲ. ಅದು ಕ್ಯಾನ್ಸರಿಗೆ ದಾರಿ ಮಾಡಿಕೊಡಬಲ್ಲ ಬೇರೆ ರೋಗ. ಅದನ್ನು ಇವತ್ತೇ ತೋರಿಸಬೇಕು.

ಹಗಲಿನ ದವಡೆ ಬಿಗಿತಕ್ಕೆ ಬರುತ್ತೇನೆ. ನನಗೆ ಹೆಚ್ಚು ಹೇಳಬೇಕೆನಿಸಿರುವುದು ಇದರ ಬಗ್ಗೆಯೇ.

ನಮ್ಮ ಹೆಣ್ಣುಮಕ್ಕಳಿಗೆ ಮದುವೆಯ ದಿನ ಸೆರಗಿನಲ್ಲಿ ಕಟ್ಟಿಕೊಡುವ ಬುದ್ಧಿಮಾತು ಯಾವುದು? ಹಲ್ಲು ಕಚ್ಚಿ ಸಹಿಸಿಕೋ. ಗಂಡ ಕುಡಿದು ಬಂದರೆ ಹಲ್ಲು ಕಚ್ಚಿಕೊಂಡಿರು. ಅತ್ತೆ ಆಡಿದರೆ ಹಲ್ಲು ಕಚ್ಚಿಕೊಂಡಿರು. ಅದನ್ನು ಶಿಲುಬೆ ಎನ್ನುತ್ತೇವೆ. ದೇವಾಲಯದಲ್ಲಿಯೂ ಕೆಲವು ಸಲ ಹಾಗೆಯೇ ಬೋಧಿಸಿದ್ದುಂಟು. ಸಾಲಗಾರನ ಮುಂದೆ ನಿಂತ ಗಂಡಸೂ ಹಾಗೆಯೇ ಹಲ್ಲು ಕಚ್ಚುತ್ತಾನೆ. ಗಂಡಸು ಅಳಬಾರದಲ್ಲ! ಹೀಗೆ ಹಗಲೆಲ್ಲ ಕಚ್ಚಿಹಿಡಿದ ದವಡೆ ರಾತ್ರಿ ಸಡಿಲವಾಗಲಿ ಎಂದರೆ ಹೇಗೆ ಆದೀತು?

ಆದರೆ ಪ್ರಭು ಯೇಸು ಹೀಗೆ ಸಹಿಸಿದರೇ? ಯೊವಾನ್ನನ 18ನೆಯ ಅಧ್ಯಾಯ ತೆರೆಯಿರಿ. ಅನ್ನನ ಮನೆಯಲ್ಲಿ ವಿಚಾರಣೆ. ಕಾವಲುಗಾರನೊಬ್ಬ ಯೇಸುವಿನ ಕೆನ್ನೆಗೆ ಹೊಡೆಯುತ್ತಾನೆ. ಇನ್ನೊಂದು ಕೆನ್ನೆಯನ್ನೂ ಒಡ್ಡಬೇಕೆಂದು ಬೆಟ್ಟದ ಮೇಲೆ ಬೋಧಿಸಿದವರು ಇವರೇ. ಅವರು ಹಿಂತಿರುಗಿ ಹೊಡೆಯಲಿಲ್ಲ, ನಿಜ. ಆದರೆ ದವಡೆ ಬಿಗಿದು ಸುಮ್ಮನೆ ನುಂಗಿಕೊಳ್ಳಲೂ ಇಲ್ಲ. ನಾನು ತಪ್ಪಾಗಿ ನುಡಿದಿದ್ದರೆ ತೋರಿಸು, ಸರಿಯಾಗಿ ನುಡಿದಿದ್ದರೆ ಹೊಡೆದದ್ದೇಕೆ ಎಂದು ನೇರವಾಗಿ ಕೇಳಿದರು. ಪೆಟ್ಟು ಬಿದ್ದ ಬಾಯಿಯನ್ನೇ ತೆರೆದು ಕೇಳಿದರು. ಇದು ಸಿಟ್ಟಲ್ಲ, ಹೇಡಿತನವೂ ಅಲ್ಲ. ಸಹನೆಗೂ ಬಾಯಿ ಕಟ್ಟಿಕೊಳ್ಳುವುದಕ್ಕೂ ನಡುವಿನ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ನನಗೆ ಕಂಡಿಲ್ಲ. ಹೊಡೆತ ತಿನ್ನುವ ತಾಯಿಗೆ ಹಲ್ಲು ಕಚ್ಚಿಕೋ ಎನ್ನುವವರು ಈ ವಚನವನ್ನು ದಾಟಿ ಮುಂದೆ ಹೋಗಬಾರದು. ಅವಳು ಅಮ್ಮನವರ ಸಂಘದಲ್ಲಿ ಹೇಳಲಿ, ಗುರುಗಳಿಗೆ ಹೇಳಲಿ, 181ಕ್ಕೆ ಫೋನ್ ಮಾಡಲಿ. ಮಹಿಳೆಯರ ಸಹಾಯವಾಣಿ ಅದು.

ಸಂತ ಸ್ತೇಫನನ ಕಥೆಯಲ್ಲಿ ಲೂಕನು ಒಂದು ಪದವನ್ನು ಬಹಳ ಯೋಚಿಸಿ ಇಟ್ಟಿದ್ದಾನೆಂದು ನನಗೆ ತೋರುತ್ತದೆ. ಹಲ್ಲು ಕಡಿದವರು ಕಿವಿ ಮುಚ್ಚಿಕೊಂಡು ಕಲ್ಲೆಸೆಯುತ್ತಾರೆ. ಸ್ತೇಫನನು ಸುಮ್ಮನಿರುವುದಿಲ್ಲ. ಗಟ್ಟಿಯಾಗಿ ಕೂಗಿ ಅವರಿಗಾಗಿ ಕ್ಷಮೆ ಬೇಡುತ್ತಾನೆ. ಅದನ್ನು ಹೇಳಿ ಸತ್ತನೆಂದು ಲೂಕನು ಬರೆಯುವುದಿಲ್ಲ, ನಿದ್ದೆ ಹೋದನೆಂದು ಬರೆಯುತ್ತಾನೆ. ಕಲ್ಲಿನ ಮಳೆಯ ನಡುವೆ ಬಾಯಿ ತೆರೆದು ಕ್ಷಮಿಸಿದವನಿಗೆ ನಿದ್ದೆ ಬಂತು. ಹಲ್ಲು ಕಡಿದವರಿಗೆ ಆ ರಾತ್ರಿ ನಿದ್ದೆ ಬಂತೋ ಇಲ್ಲವೋ ಲೂಕನು ಹೇಳಿಲ್ಲ.

ಆದ್ದರಿಂದ ಮನೆಯಲ್ಲಿ ಮಾಡಬಹುದಾದ ಕೆಲವನ್ನು ಹೇಳುತ್ತೇನೆ. ಸೂರ್ಯ ಮುಳುಗುವ ಮುನ್ನ ಸಿಟ್ಟು ಇಳಿಯಲಿ ಎಂದು ಸಂತ ಪೌಲನು ಎಫೆಸದವರಿಗೆ ಬರೆದದ್ದು ನಿಮಗೆ ಗೊತ್ತಿದೆ. ಅದನ್ನು ಮನೆಯ ಗಡಿಯಾರಕ್ಕೆ ಇಳಿಸಿಕೊಳ್ಳಿ. ಸಾಲದ ಲೆಕ್ಕ, ಗೊಬ್ಬರದಂಗಡಿಯ ಬಾಕಿ, ಅಣ್ಣತಮ್ಮಂದಿರ ಹೊಲದ ತಕರಾರು ಎಲ್ಲವನ್ನೂ ರಾತ್ರಿ ಊಟಕ್ಕೆ ಮುಂಚೆ ಮಾತಾಡಿ ಮುಗಿಸಿ. ಹಾಸಿಗೆಯ ಮೇಲೆ ಅದನ್ನು ತೆಗೆಯಬೇಡಿ. ಜಪಸರವನ್ನು ಬಾಯಿಬಿಟ್ಟು ಹೇಳಿ. ಬಾಯಿಬಿಟ್ಟು ಹೇಳುವಾಗ ದವಡೆ ಬಿಗಿಹಿಡಿಯುವುದು ಕಷ್ಟ, ಪರೀಕ್ಷಿಸಿ ನೋಡಿ. ಸಂಜೆ 6ರ ಮೇಲೆ ಚಹಾ ಬಿಡಿ. ಸೆರೆ ಕುಡಿದರೆ ನಿದ್ದೆ ಬರುತ್ತದೆ ಎನ್ನುವುದು ಅರ್ಧ ಸುಳ್ಳು. ಬೇಗ ಬರುತ್ತದೆ, ಆದರೆ ಒಡೆದು ಬರುತ್ತದೆ, ಹಲ್ಲು ಕಡಿತ ಹೆಚ್ಚುತ್ತದೆ.

ಹಗಲಿನಲ್ಲಿ ಒಂದು ಸಣ್ಣ ಅಭ್ಯಾಸ. ದಿನದ 24 ಗಂಟೆಯಲ್ಲಿ ಊಟ, ನುಂಗುವುದು ಎಲ್ಲ ಸೇರಿ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಬೇಕಾದದ್ದು ಸುಮಾರು 20 ನಿಮಿಷ ಮಾತ್ರ ಎನ್ನುತ್ತಾರೆ ದಂತವೈದ್ಯರು. ಉಳಿದ ಹೊತ್ತಿನಲ್ಲಿ ತುಟಿ ಮುಚ್ಚಿರಬೇಕು, ಹಲ್ಲು ಬಿಟ್ಟಿರಬೇಕು. ಈಗ ಇದನ್ನು ಓದುತ್ತಿರುವಾಗ ನಿಮ್ಮ ಹಲ್ಲು ಹೇಗಿದೆ? ತಾಗಿಕೊಂಡಿದ್ದರೆ ಬಿಡಿಸಿ, ನಾಲಿಗೆಯನ್ನು ಮುಂಬಲ್ಲಿನ ಹಿಂದೆ ಮೆಲ್ಲಗೆ ಇಡಿ, ಹೆಗಲು ಇಳಿಬಿಡಿ. ದೇವಾಲಯದ ಗಂಟೆ ಕೇಳಿದಾಗಲೆಲ್ಲ, ಫೋನ್ ಸದ್ದಾದಾಗಲೆಲ್ಲ, ಬೈಕಿನ ಕಿಕ್ ಹೊಡೆಯುವ ಮುನ್ನ ಒಮ್ಮೆ ನೋಡಿಕೊಳ್ಳಿ. ಎರಡು ವಾರದಲ್ಲಿ ದವಡೆಗೆ ತಾನೇ ನೆನಪಾಗತೊಡಗುತ್ತದೆ. ನೋವಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆಗೆ ಹತ್ತು ನಿಮಿಷ ಇಡಿ, ಕೆಲವು ದಿನ ಖಡಕ್ ರೊಟ್ಟಿ ಬಿಟ್ಟು ಮೆತ್ತನೆಯ ಅನ್ನ ಉಣ್ಣಿ. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವುದು ಬೇಡ, ಕಿಡ್ನಿಗೆ ಕೇಡು.

ಹಲ್ಲು ಸವೆದಿದ್ದರೆ, ಕೀಲು ಸಿಕ್ಕಿಬೀಳುತ್ತಿದ್ದರೆ, ಗೊರಕೆಯ ನಡುವೆ ಉಸಿರು ನಿಲ್ಲುತ್ತಿದ್ದರೆ ಮನೆಮದ್ದು ಸಾಲದು. ತಾಲ್ಲೂಕು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ದಂತವೈದ್ಯರು ಇರುತ್ತಾರೆ. ರಾಯಚೂರಿನಲ್ಲಿ ನವೋದಯ ಮತ್ತು ಎ.ಎಂ.ಇ. ದಂತ ವೈದ್ಯಕೀಯ ಕಾಲೇಜುಗಳಿವೆ. ಅವರು ಹಲ್ಲಿನ ಅಚ್ಚು ತೆಗೆದು ರಾತ್ರಿ ಹಾಕಿಕೊಳ್ಳುವ ಕವಚವೊಂದನ್ನು ಮಾಡಿಕೊಡುತ್ತಾರೆ. ಕವಚವು ಹಲ್ಲನ್ನು ಕಾಯುತ್ತದೆ, ಕಡಿಯುವುದನ್ನು ನಿಲ್ಲಿಸುವುದಿಲ್ಲ, ಇದನ್ನು ತಿಳಿದೇ ಹಣ ಕೊಡಿ. ಯಾರಾದರೂ ಮೊದಲ ದಿನವೇ ಒಳ್ಳೆಯ ಹಲ್ಲುಗಳನ್ನು ಉಜ್ಜಿ ಸರಿಮಾಡುತ್ತೇನೆ ಎಂದರೆ ಇನ್ನೊಬ್ಬ ವೈದ್ಯರನ್ನೂ ಕೇಳಿ. ಉಜ್ಜಿದ ಹಲ್ಲು ಮತ್ತೆ ಬರುವುದಿಲ್ಲ. ಮನಸ್ಸಿನ ಭಾರವೇ ಮುಖ್ಯವೆನಿಸಿದರೆ 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್ ಎಂಬ ಹೆಸರಿನ ಈ ಸರ್ಕಾರಿ ಸೇವೆ 2022ರಲ್ಲಿ ಆರಂಭವಾಯಿತು. ದುಡ್ಡಿಲ್ಲ, ಕನ್ನಡದಲ್ಲಿಯೇ ಮಾತಾಡುತ್ತಾರೆ.

ಹಲ್ಲು ನೋವಿನವರು ಪ್ರಾರ್ಥಿಸಿಕೊಳ್ಳುವ ಸಂತಳೊಬ್ಬಳು ನಮ್ಮ ಧರ್ಮಸಭೆಯಲ್ಲಿ ಇದ್ದಾಳೆ. ಅಲೆಕ್ಸಾಂಡ್ರಿಯಾದ ಸಂತ ಅಪೊಲೋನಿಯಾ. 249ರ ಸುಮಾರಿಗೆ ಗುಂಪೊಂದು ಅವಳ ಹಲ್ಲುಗಳನ್ನೆಲ್ಲ ಹೊಡೆದು ಉದುರಿಸಿತು. ಅವಳು ವಿಶ್ವಾಸ ಬಿಡಲಿಲ್ಲ. ಹಬ್ಬ ಫೆಬ್ರವರಿ 9ರಂದು. ಅವಳ ಹೆಸರಿನಲ್ಲಿ ಮೇಣದಬತ್ತಿ ಹಚ್ಚುವುದಾದರೆ ಹಚ್ಚಿ, ಅದೇ ವಾರದಲ್ಲಿ ಮನೆಮಂದಿಯ ಹಲ್ಲನ್ನೂ ತೋರಿಸಿ ಬನ್ನಿ.

ಪಕ್ಕದಲ್ಲಿ ಮಲಗುವವರಿಗೆ ಒಂದು ಮಾತು ಉಳಿದಿದೆ. ಕಡಿಯುವವನಿಗೆ ಅದು ಗೊತ್ತಿರುವುದಿಲ್ಲ, ಗೊತ್ತಿರುವುದು ನಿಮಗೆ ಮಾತ್ರ. ನಡುರಾತ್ರಿಯಲ್ಲಿ ತಟ್ಟಿ ಎಬ್ಬಿಸಿ ಬೈಯಬೇಡಿ, ಒಡೆದ ನಿದ್ದೆಯಿಂದ ಅದು ಹೆಚ್ಚಾದೀತು. ಬೆಳಿಗ್ಗೆ ಮಕ್ಕಳ ಮುಂದೆ ನಗೆಚಾಟಿಕೆ ಮಾಡಬೇಡಿ. ಚಹಾ ಕುಡಿಯುವ ಹೊತ್ತಿಗೆ ಪಕ್ಕದಲ್ಲಿ ಕೂತು, ಪ್ರಭುವು ಆ ತಂದೆಯನ್ನು ಕೇಳಿದಂತೆಯೇ, ಎಷ್ಟು ದಿನದಿಂದ ಹೀಗಿದೆ, ಏನಾಗಿದೆ ಎಂದು ಕೇಳಿ. ಮೊದಲ ದಿನ ಏನೂ ಇಲ್ಲ ಎನ್ನುತ್ತಾನೆ. ಮರುದಿನವೂ ಕೇಳಿ.